ಯಾರ ಜೇಬಿನ ಅಳತೆಗೆ?

ನಾಲ್ಕು ಸಂಸಾರಗಳು ಸೇರಿ ವಾರಾಂತ್ಯಕ್ಕೆ ನ್ಯೂಯಾರ್ಕ್ ನೋಡಲು ಹೊರಟವೆನ್ನಿ. ಒಬ್ಬರು ನನ್ನಂತೆ ವೈದ್ಯರು, ಇನ್ನೊಬ್ಬರು ಇನ್ನೂ ಓದುತ್ತಿರುವವರು. ಖರ್ಚು ಯಾರ ಜೇಬಿನ ಅಳತೆಗಿರಬೇಕು?

"ಮಿಕ್ಕಿದ್ದು ನಾನು ಕೊಡ್ತೀನಿ ಬಿಡಿ" ಎನ್ನುವುದು ಉಳ್ಳವರಿಗೆ ಸುಲಭ. ಆದರೆ ಕೊಡಿಸಿಕೊಂಡವರು ಆಮೇಲೆ ಊಟ ಎಲ್ಲಿ, ಎಷ್ಟು ಹೊತ್ತಿಗೆ ಹೊರಡೋಣ ಎಂಬ ಮಾತಿಗೂ ಬಾಯಿ ಬಿಡುವುದಿಲ್ಲ. ಮಕ್ಕಳಿಗಂತೂ ಇದು ಬೇಗ ತಿಳಿಯುತ್ತದೆ.

ಚಿಕ್ಕ ಜೇಬಿಗೆ ತಕ್ಕ ಯೋಜನೆಯೇ ಸರಿ ಎಂದು ನನ್ನ ಮತ. ಅದರಿಂದ ಊರೇನೂ ಸೊರಗದು. ಸ್ಟೇಟನ್ ಐಲೆಂಡ್ ದೋಣಿಗೆ 1997ರಿಂದ ಟಿಕೆಟ್ಟೇ ಇಲ್ಲ. ಸ್ವಾತಂತ್ರ್ಯ ದೇವಿಯ ಪ್ರತಿಮೆ ಅಲ್ಲಿಂದಲೇ ಕಾಣುತ್ತದೆ (ಅವಳ ದ್ವೀಪದಲ್ಲಿ ಇಳಿಯುವಂತಿಲ್ಲ, ಅಷ್ಟೆ). ಬ್ರೂಕ್ಲಿನ್ ಸೇತುವೆಯ ಮೇಲೆ ನಡೆಯಲು, ಸೆಂಟ್ರಲ್ ಪಾರ್ಕಿನಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಲು ಯಾರೂ ಕಾಸು ಕೇಳುವುದಿಲ್ಲ. ಮೆಟ್ರೊಪಾಲಿಟನ್ ಮ್ಯೂಸಿಯಂ ಮಾತ್ರ, 1970ರಿಂದ ಎಲ್ಲರಿಗೂ "ಕೈಲಾದಷ್ಟು ಕೊಡಿ" ಎನ್ನುತ್ತಿದ್ದದ್ದು, 2018ರಲ್ಲಿ ಹೊರರಾಜ್ಯದ ಬಹುತೇಕರಿಗೆ ಪೂರ್ತಿ ಟಿಕೆಟ್ಟು ಹಾಕಿತು. ಇಂಥ ಲೆಕ್ಕವನ್ನು ಮನೆಯಲ್ಲೇ, ಫೋನಿನಲ್ಲೇ ಮಾತಾಡಿ ಮುಗಿಸಬೇಕು. ಟಿಕೆಟ್ ಕಿಟಕಿಯ ಮುಂದೆ, ಹಿಂದೆ ಸಾಲು ನಿಂತಿರುವಾಗ, ಯಾರು ತಾನೇ "ನಮಗೆ ಆಗದು" ಎಂದಾರು?

ದೊಡ್ಡ ಹೋಟೆಲಿನ ಮೆತ್ತನೆಯ ಹಾಸಿಗೆ ಬೇಕೆನಿಸುವುದೂ ತಪ್ಪಲ್ಲ, ವಾರವೆಲ್ಲ ದುಡಿದವರಿಗೆ. ಅದಕ್ಕೆ ಇನ್ನೊಂದು ವಾರಾಂತ್ಯವಿದೆ. ಗಂಡ ಹೆಂಡತಿ ಇಬ್ಬರೇ ಹೋಗಿಬರಲಿ.