ಕೇಳುವವನ ಧರ್ಮ

ಸಂಘಸಂಸ್ಥೆಗಳ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಕೊರಗೊಂದುಂಟು: ‘ಸೇವೆಗೆ ಜನರೇ ಬರುವುದಿಲ್ಲ.’ ಹೀಗೆ ಹೇಳುವವರು ಸಾಮಾನ್ಯವಾಗಿ ಕಾಲವನ್ನು ದೂಷಿಸುತ್ತಾರೆ, ಯುವಜನರನ್ನು ದೂಷಿಸುತ್ತಾರೆ, ಹೆಚ್ಚೆಂದರೆ ಮೊಬೈಲನ್ನು ದೂಷಿಸಿ ಸುಮ್ಮನಾಗುತ್ತಾರೆ. ಕೊಡುವವನು ಹೇಗಿರಬೇಕೆಂಬುದನ್ನು ನಮ್ಮ ಆಚಾರ್ಯರು ವಿಸ್ತಾರವಾಗಿ ವಿವೇಚಿಸಿದ್ದಾರೆ. ದಾನದ ವಿಧಿ, ದ್ರವ್ಯದ ಶುದ್ಧಿ, ದಾತೃವಿನ ಗುಣ, ಪಾತ್ರನ ಯೋಗ್ಯತೆ ಎಲ್ಲವೂ ಅಲ್ಲಿ ವಿಚಾರಕ್ಕೆ ಬಂದಿವೆ. ಆದರೆ ಮೂರನೆಯವರ ಹಿತಕ್ಕಾಗಿ ಒಬ್ಬರ ಬಾಗಿಲಿಗೆ ಹೋಗಿ ‘ನಿಮ್ಮ ಸಮಯವನ್ನು ಕೊಡಿ’ ಎಂದು ಕೇಳುವವನಿಗೂ ಒಂದು ಧರ್ಮವಿದೆ. ಸ್ವಯಂಸೇವಕರು ದೊರೆಯುವುದಿಲ್ಲವೆಂದು ಕೊರಗುವ ಸಂಸ್ಥೆಗಳು ಮೊದಲು ಪರೀಕ್ಷಿಸಿಕೊಳ್ಳಬೇಕಾದುದು ಆ ಧರ್ಮವನ್ನು.

ಈ ಪ್ರಶ್ನೆಯ ಗಾಂಭೀರ್ಯವನ್ನು ತಿಳಿಯಲು ಹಾಸನ ಜಿಲ್ಲೆಯ ಪಶ್ಚಿಮ ಭಾಗದಲ್ಲಿರುವ ಸಕಲೇಶಪುರ ಮತ್ತು ಆಲೂರಿನ ಗುಡ್ಡಗಾಡನ್ನು ನೋಡಬಹುದು. ಇಳಿಜಾರಿನಲ್ಲಿ ಕಾಫಿ ತೋಟ, ತಗ್ಗಿನಲ್ಲಿ ಭತ್ತದ ಗದ್ದೆ, ನಡುನಡುವೆ ಕಾಡಿನ ತುಣುಕುಗಳು. ಇದು ಆ ಸೀಮೆಯ ಸ್ವರೂಪ. ಕಾಡಾನೆಗಳು ಹಗಲನ್ನು ತೋಟದ ನೆರಳಿನಲ್ಲಿಯೇ ಕಳೆದು ಕತ್ತಲಾದೊಡನೆ ಗದ್ದೆಗೆ ಇಳಿಯುತ್ತವೆ. ಕೆಲವನ್ನು ಹಿಡಿದು ಬೇರೆಡೆಗೆ ಸಾಗಿಸಿದ ನಂತರವೂ ಅವುಗಳ ಸಂಚಾರ ನಿಲ್ಲಲಿಲ್ಲ. ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಹೊರಟ ಕೂಲಿಕಾರರೂ, ಮುಸ್ಸಂಜೆಯಲ್ಲಿ ಮನೆಗೆ ಮರಳುವ ಮುದುಕರೂ ತಿರುವಿನಲ್ಲಿ ಆನೆಗೆ ಎದುರಾಗಿ ಪ್ರಾಣ ಕಳೆದುಕೊಂಡಿದ್ದಾರೆ. ಆನೆಗಳೂ ಸತ್ತಿವೆ. ಮಳೆಗಾಲದ ಕಷ್ಟ ಬೇರೆಯೇ ಇದೆ. ೨೦೧೮ರ ಆಗಸ್ಟ್‌ನಲ್ಲಿ ಶಿರಾಡಿ ಘಾಟಿಯ ಹೆದ್ದಾರಿ ಕುಸಿತದಿಂದ ಮುಚ್ಚಿತು. ೨೦೨೪ರ ಜುಲೈನಲ್ಲಿ ಎಡಕುಮರಿ ಮತ್ತು ಕಡಗರವಳ್ಳಿಗಳ ನಡುವೆ ರೈಲುಮಾರ್ಗವೇ ಕುಸಿಯಿತು. ಹೆದ್ದಾರಿಯ ಸುದ್ದಿ ಪತ್ರಿಕೆಗೆ ಬರುತ್ತದೆ. ಒಳದಾರಿ ಕಡಿದು ಒಂಟಿಯಾದ ಮನೆಯ ಸುದ್ದಿ ನೆರೆಯವರಿಗೆ ಮಾತ್ರ ತಿಳಿಯುತ್ತದೆ.

ಆನೆಗಳ ಇರುವನ್ನು ಪತ್ತೆಹಚ್ಚಿ ಮೊಬೈಲ್ ಸಂದೇಶದ ಮೂಲಕ ಜನರನ್ನು ಎಚ್ಚರಿಸುವ ವ್ಯವಸ್ಥೆ ಈ ಸೀಮೆಯಲ್ಲಿ ಬಂದಿದೆ. ಆದರೂ ಸಂದೇಶ ಹೊರಟಿತೆಂದ ಮಾತ್ರಕ್ಕೆ ಅದು ಎಲ್ಲರನ್ನೂ ಮುಟ್ಟಿತೆಂದು ಅರ್ಥವಲ್ಲ. ಅಸ್ಸಾಮಿನಿಂದ ಕೆಲಸಕ್ಕೆ ಬಂದು ತೋಟದ ಲೈನ್ ಮನೆಯಲ್ಲಿರುವವನಿಗೆ ಕನ್ನಡ ಓದಲು ಬಾರದು. ಒಂಟಿ ಮನೆಯ ಅಜ್ಜಿಯ ಬಳಿ ಫೋನಿಲ್ಲ. ಯಂತ್ರ ನಿಂತಲ್ಲಿಂದ ಮುಂದಕ್ಕೆ ಒಬ್ಬ ಮನುಷ್ಯ ಬೇಕು. ಸ್ವಯಂಸೇವಕನೆಂದರೆ ಅವನೇ.

ಹೀಗಿರುವ ಒಂದು ಊರನ್ನು ಊಹಿಸಿಕೊಳ್ಳಬಹುದು. ಗದ್ದೆಯಲ್ಲಿ ತೆನೆ ಹಾಲುಗಟ್ಟುವ ಕಾಲ. ಊರಿನ ಸಂಘವು ಸಂಜೆ ಮನೆಮನೆಗೆ ಸುದ್ದಿ ಮುಟ್ಟಿಸಲು, ಬೆಳಿಗ್ಗೆ ಮಕ್ಕಳು ಬಸ್ಸು ಹತ್ತುವ ತನಕ ಜೊತೆಗಿರಲು ಜನರನ್ನು ಹುಡುಕುತ್ತದೆ. ಹಾಲಿನ ಡೈರಿಯ ಗೋಡೆಗೆ ಪ್ರಕಟಣೆ ಅಂಟಿಸಲಾಗುತ್ತದೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಆಸಕ್ತರು ಸಂಪರ್ಕಿಸಿ’ ಎಂದು ಬರೆಯಲಾಗುತ್ತದೆ. ವಾರ ಕಳೆದರೂ ಯಾರೂ ಬರುವುದಿಲ್ಲ. ಕೊನೆಗೆ ತೋಟದ ಮಾಲೀಕರೇ ಆಗಿರುವ ಅಧ್ಯಕ್ಷರು ಮೇಸ್ತ್ರಿಯನ್ನು ಕರೆದು, ‘ಸಂಜೆ ಕೆಲಸ ಬಿಟ್ಟ ಮೇಲೆ ಇಬ್ಬರನ್ನು ಕಳಿಸಪ್ಪ’ ಎನ್ನುತ್ತಾರೆ. ಮರುದಿನ ಇಬ್ಬರು ಬಂದು ನಿಲ್ಲುತ್ತಾರೆ. ಸಂಘದ ಪುಸ್ತಕದಲ್ಲಿ ಅವರ ಹೆಸರು ‘ಸ್ವಯಂಸೇವಕರು’ ಎಂಬ ತಲೆಬರಹದ ಕೆಳಗೆ ಸೇರುತ್ತದೆ. ಅಧ್ಯಕ್ಷರು ಕೆಟ್ಟವರಲ್ಲ, ಕೆಲಸವೂ ಒಳ್ಳೆಯದೇ. ಆದರೂ ಇಲ್ಲಿ ಎರಡು ತಪ್ಪುಗಳು ನಡೆದಿವೆ.

ಮೊದಲನೆಯದು, ಎಲ್ಲರನ್ನೂ ಕೇಳುವ ನೆಪದಲ್ಲಿ ಯಾರನ್ನೂ ಕೇಳದಿರುವುದು. ಗೋಡೆಯ ಮೇಲಿನ ಕರೆಯನ್ನು ಓದಿದ ಪ್ರತಿಯೊಬ್ಬನೂ ಅದು ಮತ್ತೊಬ್ಬನಿಗೆ ಹೇಳಿದ ಮಾತೆಂದು ಭಾವಿಸುತ್ತಾನೆ. ಮಲೆನಾಡಿಗೆ ಪರಸ್ಪರ ಸಹಾಯ ಹೊಸದಲ್ಲ. ನಾಟಿಯ ಕಾಲದಲ್ಲಿ ಒಬ್ಬರ ಗದ್ದೆಗೆ ಮತ್ತೊಬ್ಬರು ಮುಯ್ಯಾಳಾಗಿ ಹೋಗುವ ಪದ್ಧತಿ ಅಲ್ಲಿ ಬೆಳೆದುಬಂದಿದೆ. ಮುಯ್ಯಿಗೆ ಯಾರೂ ಪ್ರಕಟಣೆ ಹೊರಡಿಸುತ್ತಿರಲಿಲ್ಲ. ಗದ್ದೆಯ ಯಜಮಾನ ಹಿಂದಿನ ಸಂಜೆ ಮನೆಗೆ ಬಂದು, ಜಗಲಿಯ ಮೇಲೆ ಕುಳಿತು, ‘ನಾಳೆ ನಮ್ಮಲ್ಲಿ ನಾಟಿ, ಒಂದಾಳು ಬರಬೇಕಲ್ಲ’ ಎನ್ನುತ್ತಿದ್ದ. ಕೆಲಸ ಯಾವುದು, ಎಷ್ಟು ಹೊತ್ತು, ಯಾರ ಗದ್ದೆಯಲ್ಲಿ ಎಂಬುದು ಕೇಳಿದವನಿಗೂ ಗೊತ್ತು, ಕೇಳಿಸಿಕೊಂಡವನಿಗೂ ಗೊತ್ತು. ಮುಯ್ಯಿಗೆ ಪ್ರತಿಫಲವುಂಟು, ಸೇವೆಗೆ ಇಲ್ಲ; ಈ ಭೇದ ದೊಡ್ಡದು. ಆದರೆ ಮುಖ ನೋಡಿ ಕೇಳುವ ಆ ರೀತಿಯನ್ನು ಸೇವಾಸಂಸ್ಥೆಗಳು ಅದರಿಂದ ಕಲಿಯಬೇಕು.

ಯಾರನ್ನು ಕೇಳಬೇಕೆಂಬುದಕ್ಕೆ ಇದೇ ಜಿಲ್ಲೆಯ ಶ್ರವಣಬೆಳಗೊಳದ ಒಂದು ಕಥೆ ಬೆಳಕಾಗುತ್ತದೆ. ಚಾವುಂಡರಾಯನು ಕೊಡಗಟ್ಟಲೆ ಹಾಲು ತರಿಸಿ ಅಭಿಷೇಕ ಮಾಡಿಸಿದರೂ ಅದು ಬಾಹುಬಲಿಯ ಪಾದದವರೆಗೆ ಇಳಿಯಲಿಲ್ಲವೆಂದೂ, ಗುಳ್ಳಕಾಯಜ್ಜಿಯು ಪುಟ್ಟ ಗುಳ್ಳಕಾಯಿಯಲ್ಲಿ ತಂದ ಹಾಲು ಇಡೀ ಮೂರ್ತಿಯನ್ನು ತೋಯಿಸಿತೆಂದೂ ಐತಿಹ್ಯ ಹೇಳುತ್ತದೆ. ಈ ಕಥೆಯನ್ನು ಅಹಂಕಾರಭಂಗದ ಕಥೆಯಾಗಿ ಎಲ್ಲರೂ ಬಲ್ಲರು. ಅದರಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ: ಅಜ್ಜಿಯನ್ನು ಯಾರೂ ಕರೆದಿರಲಿಲ್ಲ. ವ್ಯವಸ್ಥೆ ಮಾಡಿದವರ ಎಣಿಕೆಯಲ್ಲಿ ಅವಳೂ ಇರಲಿಲ್ಲ, ಅವಳ ಗುಳ್ಳಕಾಯಿಯೂ ಇರಲಿಲ್ಲ. ಇಂದಿನ ಸಂಸ್ಥೆಗಳೂ ಹಾಗೆಯೇ ಪರಿಚಿತರಾದ ನಾಲ್ವರನ್ನೇ ಎಲ್ಲದಕ್ಕೂ ಕರೆದು, ಅವರು ದಣಿದಾಗ ಊರಿನಲ್ಲಿ ಜನವಿಲ್ಲವೆನ್ನುತ್ತವೆ. ಲೈನ್ ಮನೆಯಲ್ಲಿ ಹಿಂದಿ ಬಲ್ಲ ಹುಡುಗಿಯೊಬ್ಬಳಿರಬಹುದು. ಎಚ್ಚರಿಕೆಯ ಸಂದೇಶವನ್ನು ಅವಳು ಎರಡು ನಿಮಿಷದಲ್ಲಿ ಹತ್ತು ಜನಕ್ಕೆ ತಿಳಿಸಬಲ್ಲಳು. ನಡೆಯಲಾರದ ನಿವೃತ್ತ ಮೇಷ್ಟ್ರು ಕುಳಿತಲ್ಲಿಂದಲೇ ಇಪ್ಪತ್ತು ಮನೆಗೆ ಫೋನು ಮಾಡಬಲ್ಲರು. ಅವರನ್ನು ಕೇಳದಿರುವುದು ಅವರಿಗೆ ತೋರಿದ ದಯೆಯಲ್ಲ. ಅವರಲ್ಲಿ ಕೊಡುವುದಕ್ಕೆ ಏನೂ ಇಲ್ಲವೆಂದು ಮುಂಚಿತವಾಗಿಯೇ ತೀರ್ಮಾನಿಸಿಬಿಟ್ಟ ಅವಜ್ಞೆ ಅದು.

ಎರಡನೆಯ ತಪ್ಪು ಇನ್ನೂ ಆಳವಾದುದು. ಜೈನ ಪರಂಪರೆಯು ಕಳವನ್ನು ‘ಅದತ್ತಾದಾನ’ವೆಂದು ಕರೆಯುತ್ತದೆ, ಎಂದರೆ ಕೊಡದೆ ಇರುವುದನ್ನು ತೆಗೆದುಕೊಳ್ಳುವುದು. ಹಣಕಾಸಿನ ವಿಷಯದಲ್ಲಿ ಈ ಮಾತನ್ನು ಒಪ್ಪುವವರು ಸಮಯದ ವಿಷಯದಲ್ಲಿ ಅದನ್ನು ಮರೆಯುತ್ತಾರೆ. ದಿನವಿಡೀ ಕಾಫಿ ಕೊಯ್ದು ಬಂದ ಕೂಲಿಕಾರನಿಗೆ ಸಂಜೆಯ ಎರಡು ಗಂಟೆಗಳೇ ಸ್ವಂತದ ಆಸ್ತಿ. ಕೇಳುವವನು ಕೂಲಿ ಕೊಡುವವನೇ ಆಗಿರುವಾಗ, ಇರುವ ಮನೆಯೂ ಅವನದೇ ಆಗಿರುವಾಗ ‘ಆಗುವುದಿಲ್ಲ, ಧಣಿ’ ಎನ್ನುವ ಶಕ್ತಿ ಆ ಕೂಲಿಕಾರನಿಗೆ ಎಲ್ಲಿಂದ ಬಂದೀತು? ಒಲ್ಲೆನೆನ್ನಲು ಅವಕಾಶವಿಲ್ಲದ ಕಡೆ ಒಪ್ಪಿಗೆಗೆ ಬೆಲೆಯಿಲ್ಲ. ಅಲ್ಲಿ ಪಡೆದುದು ಸೇವೆಯ ಹೆಸರಿನ ಬಿಟ್ಟಿ. ಇದೇ ನ್ಯಾಯ ಶಾಲೆಯ ಮಕ್ಕಳಿಗೂ, ಸಾಲದ ಗುಂಪಿನಲ್ಲಿರುವ ಹೆಂಗಸರಿಗೂ, ಊರಿಗೆ ಹೊಸಬರಾಗಿ ಬಂದವರಿಗೂ ಅನ್ವಯಿಸುತ್ತದೆ. ನಾಲ್ಕು ಜನರ ಎದುರಿಗೆ ಒಬ್ಬನ ಹೆಸರು ಕೂಗಿ ನಾಚಿಕೆಯಿಂದ ಒಪ್ಪಿಸುವುದೂ ಕೊಡದುದನ್ನು ತೆಗೆದುಕೊಳ್ಳುವ ಒಂದು ಬಗೆಯೇ.

ಇಲ್ಲಿ ಒಂದು ಪ್ರಬಲ ಆಕ್ಷೇಪ ಏಳುತ್ತದೆ. ಎಲ್ಲರಿಗೂ ಒಲ್ಲೆನೆನ್ನುವ ಸ್ವಾತಂತ್ರ್ಯವಿದ್ದರೆ ಕೆಲಸವನ್ನು ಮಾಡುವವರು ಯಾರು? ಸಂಘದವರ ಧರ್ಮಸೂಕ್ಷ್ಮ ಮುಗಿಯುವ ತನಕ ಆನೆ ಕಾಯುವುದಿಲ್ಲ. ಒಂದು ಜೀವ ಹೋದ ಮೇಲೆ ಆ ಸ್ವಾತಂತ್ರ್ಯದಿಂದ ಏನು ಫಲ? ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಇದಕ್ಕೆ ಉತ್ತರವು ಕೆಲಸವನ್ನು ವಿಂಗಡಿಸುವುದರಲ್ಲಿದೆ. ಪ್ರತಿದಿನವೂ ತಪ್ಪದೆ ನಡೆಯಲೇಬೇಕಾದ, ಅಪಾಯವಿರುವ, ತರಬೇತಿ ಬೇಡುವ ಕೆಲಸ ಸರ್ಕಾರದ ಮತ್ತು ಸಂಬಳ ಪಡೆಯುವ ಸಿಬ್ಬಂದಿಯ ಕರ್ತವ್ಯ. ಅದು ನಡೆಯದಿದ್ದರೆ ಊರಿನವರು ಒಟ್ಟಾಗಿ ಅದನ್ನು ಕೇಳಿ ಪಡೆಯಬೇಕು. ಸಂಘವೇ ಹೆಚ್ಚುವರಿ ಹೊತ್ತಿನ ಕೆಲಸ ಮಾಡಿಸುವುದಾದರೆ ಕೂಲಿ ಕೊಟ್ಟು ಮಾಡಿಸಬೇಕು. ಆಗ ಅದರಲ್ಲಿ ಸುಳ್ಳಿರುವುದಿಲ್ಲ. ಇವೆರಡನ್ನೂ ಕಳೆದು ಉಳಿಯುವುದು ನೆರೆಹೊರೆಯ ಕೆಲಸ: ಸುದ್ದಿ ಮುಟ್ಟಿಸುವುದು, ಜೊತೆಗೆ ನಡೆಯುವುದು, ವಿಚಾರಿಸಿಕೊಳ್ಳುವುದು. ಇದು ಹತ್ತು ಕೈಗಳಿಗೆ ಹಂಚಿದರೆ ಯಾರಿಗೂ ಭಾರವಾಗದಷ್ಟು ಚಿಕ್ಕದು. ಜನ ಸಿಗದಿರುವುದಕ್ಕೆ ಎಷ್ಟೋ ವೇಳೆ ಕಾರಣ ಜನರ ಸ್ವಾರ್ಥವಲ್ಲ, ಕೇಳಿದ ಹೊರೆಯ ಗಾತ್ರ.

ಅಪಾಯದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕೃತ, ಕಾರಿತ, ಅನುಮೋದಿತ ಎಂದು ಕರ್ಮವನ್ನು ಮೂರು ಬಗೆಯಾಗಿ ಹೇಳಲಾಗಿದೆ. ತಾನು ಮಾಡಿದುದಷ್ಟೇ ಅಲ್ಲದೆ ಮಾಡಿಸಿದುದೂ, ಮಾಡಿದ್ದಕ್ಕೆ ಭಲೇ ಎಂದುದೂ ತನ್ನ ಲೆಕ್ಕಕ್ಕೇ ಬರುತ್ತದೆ. ಉತ್ಸಾಹಿ ಹುಡುಗನೊಬ್ಬನನ್ನು ಪಟಾಕಿ ಕೊಟ್ಟು ಆನೆಯ ಹಿಂದೆ ಅಟ್ಟಿದ ಸಂಘಟಕನು ತಾನು ಮನೆಯಲ್ಲಿದ್ದೆನೆಂದು ಜಾರಿಕೊಳ್ಳಲಾರನು. ಆ ಹುಡುಗನಿಗೆ ಆದ ಗಾಯದಲ್ಲಿಯೂ, ಬೆದರಿದ ಆನೆಯ ನೋವಿನಲ್ಲಿಯೂ ಅವನಿಗೆ ಪಾಲುಂಟು. ಎಂಟು ಬಾರಿ ಮೈಸೂರು ದಸರೆಯ ಅಂಬಾರಿ ಹೊತ್ತ ಅರ್ಜುನನು ೨೦೨೩ರ ಡಿಸೆಂಬರ್ ೪ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಸೆರೆ ಕಾರ್ಯಾಚರಣೆಯ ವೇಳೆ ಕಾಡಾನೆಯೊಡನೆ ಕಾದಾಡಿ ಮಡಿದನು. ನುರಿತ ಆನೆ, ಅನುಭವಿ ಮಾವುತರು, ಇಲಾಖೆಯ ಸಿಬ್ಬಂದಿ ಎಲ್ಲ ಇದ್ದ ಸ್ಥಳದಲ್ಲಿಯೇ ಅಂಥದು ನಡೆಯಿತು. ಅಂತಹ ಕಾಡಿನ ಅಂಚಿಗೆ ಏನೂ ಅರಿಯದವನನ್ನು ಕಳುಹಿಸುವುದು ಪ್ರಮಾದ; ಪ್ರಮಾದವೇ ಹಿಂಸೆಯ ಬೇರು.

ಆದುದರಿಂದ ಕೇಳುವ ಮಾತಿನಲ್ಲಿ ಮಾಯೆ ಇರಬಾರದು. ‘ಏನಿಲ್ಲ, ಹತ್ತು ನಿಮಿಷದ ಕೆಲಸ’ ಎಂದು ಒಪ್ಪಿಸಿ ತಿಂಗಳುಗಟ್ಟಲೆ ದುಡಿಸಿಕೊಳ್ಳುವುದು ಮಾಯಾಕಷಾಯದ ಕಾರ್ಯವೇ. ಎಷ್ಟು ಹೊತ್ತು, ಎಷ್ಟು ದಿನ, ಯಾವ ಅಪಾಯ, ಯಾರು ಜೊತೆಗಿರುತ್ತಾರೆ, ಯಾವಾಗ ಬಿಡಬಹುದು ಎಂಬುದನ್ನು ಮೊದಲೇ ಹೇಳಿಬಿಡಬೇಕು. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗವನ್ನು ಹೇಳುವಾಗ ‘ಶಕ್ತಿತಃ’ ಎಂಬ ಮಾತನ್ನು ಸೇರಿಸಿರುವುದು ಗಮನಾರ್ಹ. ಕೊಡುವುದು ಶಕ್ತಿಯನ್ನು ಅನುಸರಿಸಿರಬೇಕು. ಕೊಡುವವನ ಶಕ್ತಿ ಋತುವಿನೊಡನೆ ಬದಲಾಗುತ್ತದೆ. ಭತ್ತದ ಕೊಯ್ಲು, ಕಾಫಿಯ ಕೊಯ್ಲು ಎರಡೂ ಬರುವ ಚಳಿಗಾಲದಲ್ಲಿ ಮಲೆನಾಡಿನ ಮನೆಗಳಿಗೆ ಪುರುಸೊತ್ತಿಲ್ಲ. ಆನೆಯ ಕಾಟವೂ ಆಗಲೇ ಹೆಚ್ಚು. ಇದನ್ನು ಬಲ್ಲ ಸಂಘವು ಮಳೆಗಾಲದಲ್ಲಿಯೇ ಮನೆಮನೆಗೆ ಹೋಗಿ ಮಾತನಾಡಿ, ವಾರದ ಒಂದೊಂದು ಸಂಜೆಯನ್ನು ಒಬ್ಬೊಬ್ಬರಿಗೆ ಹಂಚಿಟ್ಟಿರುತ್ತದೆ.

ಸಿದ್ಧತೆ ಮೊದಲು, ಸೇವೆ ಅನಂತರ ಎಂಬುದನ್ನು ಕನ್ನಡ ನಾಡು ಬಹು ಹಿಂದೆಯೇ ಕಂಡಿದೆ. ೧೯೨೩ರಲ್ಲಿ ಡಾ. ನಾ. ಸು. ಹರ್ಡೀಕರರು ಸ್ಥಾಪಿಸಿ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡ ಹಿಂದೂಸ್ತಾನಿ ಸೇವಾದಳವು ಸ್ವಯಂಸೇವಕರಿಗೆ ಶಿಬಿರಗಳಲ್ಲಿ ಶಿಕ್ಷಣ ಕೊಟ್ಟು ಕಣಕ್ಕೆ ಇಳಿಸಿತು. ೧೯೬೯ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯು ವಿದ್ಯಾರ್ಥಿಗಳನ್ನು ಹಳ್ಳಿಗಳಿಗೆ ಕರೆತಂದಿತು. ೨೦೧೮ರ ಫೆಬ್ರವರಿಯಲ್ಲಿ ನಡೆದ ಮಹಾಮಸ್ತಕಾಭಿಷೇಕದಂತಹ ಮಹೋತ್ಸವಕ್ಕೆ ಸೇವಾಕಾಂಕ್ಷಿಗಳು ದೂರದೂರದಿಂದ ಬರುತ್ತಾರೆ. ಆದರೆ ಮಹೋತ್ಸವದಲ್ಲಿ ಕೊಡುವವನನ್ನು ಆ ಸಂದರ್ಭವೇ ಎತ್ತಿ ಹಿಡಿಯುತ್ತದೆ. ಆಲೂರಿನ ಮೂಲೆಯ ಹಳ್ಳಿಯಲ್ಲಿ, ಯಾರೂ ನೋಡದ ಮಂಗಳವಾರದ ಸಂಜೆ, ಜಿನುಗುವ ಮಳೆಯಲ್ಲಿ ಟಾರ್ಚು ಹಿಡಿದು ಮೂರು ಮನೆಗೆ ಹೋಗಿಬರುವವನನ್ನು ಎತ್ತಿ ಹಿಡಿಯುವವರು ಯಾರು? ಅವನನ್ನು ಕೇಳಿ ಕರೆತಂದವರೇ.

ಇಲ್ಲಿಗೆ ಕೇಳುವವನ ಧರ್ಮದ ಕೊನೆಯ ಅಂಗ ಬರುತ್ತದೆ. ಅಂತರಂಗ ತಪಸ್ಸುಗಳಲ್ಲಿ ಒಂದಾದ ವೈಯಾವೃತ್ಯವು ದಣಿದವರ, ರೋಗಿಗಳ, ವೃದ್ಧರ ಶುಶ್ರೂಷೆ. ಅದು ಮುನಿಸಂಘಕ್ಕೆ ಹೇಳಿದ ಧರ್ಮವಾದರೂ ಅದರ ಭಾವ ಗೃಹಸ್ಥರಿಗೂ ಮಾದರಿ. ಸೇವೆ ಮಾಡುವವನೂ ದಣಿಯುತ್ತಾನೆ. ಅವನು ಎರಡು ವಾರ ಬಾರದಿದ್ದಾಗ ‘ಯಾಕೆ ಬರಲಿಲ್ಲ?’ ಎಂದು ಲೆಕ್ಕ ಕೇಳುವ ಸಂಘವೊಂದು. ‘ಮನೆಯಲ್ಲಿ ಎಲ್ಲರೂ ಹುಷಾರಾಗಿದ್ದಾರೆಯೇ?’ ಎಂದು ವಿಚಾರಿಸುವ ಸಂಘ ಇನ್ನೊಂದು. ಇವುಗಳಲ್ಲಿ ಯಾವುದಕ್ಕೆ ಮುಂದಿನ ವರ್ಷ ಜನ ಸಿಗುತ್ತಾರೆಂಬುದನ್ನು ಹೇಳಬೇಕಾಗಿಲ್ಲ. ಇನ್ನು ಸಾಕೆಂದವನನ್ನು ಕೃತಜ್ಞತೆಯಿಂದ ಬೀಳ್ಕೊಡುವುದೂ ಈ ಧರ್ಮಕ್ಕೆ ಸೇರಿದ್ದು. ಬಿಟ್ಟುಹೋಗಲು ಬಾಗಿಲು ತೆರೆದಿದೆಯೆಂದು ತಿಳಿದವನೇ ನಿರ್ಭಯವಾಗಿ ಒಳಗೆ ಬರುತ್ತಾನೆ.

ಮೇಲೆ ಊಹಿಸಿದ ಊರಿನ ಅಧ್ಯಕ್ಷರು ತಮ್ಮ ಪುಸ್ತಕವನ್ನು ಮತ್ತೆ ತೆರೆದು, ಆ ಇಬ್ಬರ ಹೆಸರನ್ನು ಹೊಡೆದುಹಾಕಿ, ಅವರು ಈವರೆಗೆ ದುಡಿದ ಸಂಜೆಗಳಿಗೆ ಕೂಲಿ ಸಲ್ಲಿಸಬಹುದು. ಅನಂತರ ಟಾರ್ಚು ಹಿಡಿದು ತಾವೇ ಮೊದಲ ಸಂಜೆಗೆ ಹೊರಡಬಹುದು. ದಾರಿಯಲ್ಲಿ ಒಂಟಿ ಮನೆಯ ಅಜ್ಜಿಯ ಬಳಿ ನಿಂತು, ‘ಅಜ್ಜಿ, ಆನೆ ಈ ಕಡೆ ಇಳಿದರೆ ನಿಮ್ಮ ಜಗಲಿಗೆ ಮೊದಲು ಕಾಣುತ್ತದೆ. ಕಂಡ ದಿನ ಹೊರಗೆ ಬರಬೇಡಿ, ದೀಪ ಒಂದನ್ನು ಹಚ್ಚಿ ಕಿಟಕಿಯಲ್ಲಿಡುತ್ತೀರಾ? ಆಗದಿದ್ದರೆ ಬೇಡ’ ಎಂದು ಕೇಳಬಹುದು. ಅಜ್ಜಿ ಆಗುವುದಿಲ್ಲವೆಂದರೆ ಅವರು ಅಷ್ಟೇ ಗೌರವದಿಂದ ಮುಂದಿನ ಮನೆಗೆ ನಡೆಯಬೇಕು. ಆಗಲೆಂದರೆ, ಆ ಊರಿಗೆ ಮೊದಲ ಸ್ವಯಂಸೇವಕಿ ದೊರೆತಂತಾಯಿತು.