ಇಂದ್ರಿಯಕ್ಕೆ ಹೊದಿಕೆ ದೋಷವೇ?

ಅಜ್ಞಾನವೆಂಬ ಆವರಣವನ್ನು ಸರಿಸುವುದೇ ಜ್ಞಾನವೆಂಬ ಅದ್ವೈತದ ನಿರೂಪಣೆ ಪ್ರಸಿದ್ಧವಾದುದು. ದ್ವೈತದ ಪ್ರಮಾಣಶಾಸ್ತ್ರ, ಅಂದರೆ ಯಥಾರ್ಥವಾದ ಅರಿವನ್ನೂ ಅದರ ಸಾಧನಗಳನ್ನೂ ವಿವೇಚಿಸುವ ಶಾಸ್ತ್ರ, ಪ್ರಶ್ನೆಯನ್ನು ಬೇರೆಡೆಯಿಂದ ಎತ್ತಿಕೊಳ್ಳುತ್ತದೆ. ಜಯತೀರ್ಥರ ‘ಪ್ರಮಾಣಪದ್ಧತಿ’ಯಂತೆ ದೋಷವಿಲ್ಲದ ಇಂದ್ರಿಯಕ್ಕೆ ದೋಷವಿಲ್ಲದ ವಿಷಯದೊಡನೆ ಒದಗುವ ಸಂಬಂಧವೇ ಪ್ರತ್ಯಕ್ಷ. ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಬಳಿ ಶಾಸ್ತ್ರಾಭ್ಯಾಸ ಮಾಡಿದ ವ್ಯಾಸತೀರ್ಥರು ಮುಂದೆ ‘ತರ್ಕತಾಂಡವ’ದಲ್ಲಿ ಈ ಚರ್ಚೆಯನ್ನು ವಿಸ್ತರಿಸಿದರು. ಇಲ್ಲಿ ಉಳಿಯುವ ಪ್ರಶ್ನೆಯೆಂದರೆ, ಇಂದ್ರಿಯಕ್ಕೂ ವಿಷಯಕ್ಕೂ ನಡುವೆ ಬರುವ ಹೊದಿಕೆ ಯಾವಾಗಲೂ ದೋಷವೇ ಎಂಬುದು.

ಮುಳಬಾಗಿಲು ಸೇರಿರುವ ಕೋಲಾರ ಜಿಲ್ಲೆ ರೇಷ್ಮೆಗೆ ಹೆಸರಾದುದರಿಂದ ಉದಾಹರಣೆಯನ್ನು ಹುಳುಮನೆಯಿಂದಲೇ ತೆಗೆದುಕೊಳ್ಳಬಹುದು. ಚಾಕಿ ಹುಳುಗಳಿಗೆ, ಅಂದರೆ ಎಳೆಯ ರೇಷ್ಮೆಹುಳುಗಳಿಗೆ, 26ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಜೊತೆಗೆ ಶೇಕಡ 80ರಿಂದ 90ರಷ್ಟು ತೇವವೂ ಬೇಕು. ಹುಳುವನ್ನು ಪೊರೆಯುವ ಈ ತೇವವೇ ಉಷ್ಣತೆ ಅಳೆಯುವ ಸಂವೇದಕವನ್ನು ಕೆಡಿಸುತ್ತದೆ. ಥರ್ಮಿಸ್ಟರ್ ಎಂಬ ಸಂವೇದಕದಲ್ಲಿ ಬಿಸಿ ಏರಿದಂತೆ ವಿದ್ಯುತ್ ರೋಧ ಇಳಿಯುತ್ತದೆ. ಅದರ ತಂತಿಗಳ ನಡುವೆ ತೇವ ಕೂತು ವಿದ್ಯುತ್ತು ಸೋರಿದರೂ ರೋಧ ಇಳಿದಂತೆ ಕಾಣುವುದರಿಂದ, ಉಪಕರಣ ಇಲ್ಲದ ಬಿಸಿಯನ್ನು ಇದೆಯೆಂದು ತೋರಿಸುತ್ತದೆ. 10,000 ಓಮ್ ರೋಧಕ್ಕೆ ಅಡ್ಡಲಾಗಿ ಹತ್ತು ಲಕ್ಷ ಓಮ್‌ನ ಸೋರಿಕೆಯಾದರೆ ತಪ್ಪು ಸುಮಾರು ಕಾಲು ಡಿಗ್ರಿ. ತೇವ ಹೆಚ್ಚಿದಷ್ಟೂ ಅದೂ ಹೆಚ್ಚುತ್ತದೆ.

ಇದಕ್ಕೆ ಪರಿಹಾರವೆಂದರೆ ಸಂವೇದಕವನ್ನು ತುಕ್ಕು ಹಿಡಿಯದ ಉಕ್ಕಿನ ತೆಳು ಕೊಳವೆಯಲ್ಲಿರಿಸಿ, ಗಾಳಿ ಉಳಿಯದಂತೆ ಎಪಾಕ್ಸಿ ತುಂಬಿ, ತಂತಿ ಹೊರಬರುವ ಬಾಯನ್ನು ಭದ್ರವಾಗಿ ಮುಚ್ಚುವುದು. ಹೊದಿಕೆ ದಪ್ಪವಾದಷ್ಟೂ ಬಿಸಿ ಒಳಸೇರುವುದು ತಡವಾಗುತ್ತದೆಯಾದರೂ, ನಿಧಾನವಾಗಿ ಬದಲಾಗುವ ಕೋಣೆಯಲ್ಲಿ ಕೆಲವು ಕ್ಷಣಗಳ ತಡ ಬಾಧಕವಲ್ಲ. ತಡವಾಗಿ ಬಂದ ಅರಿವು ಯಥಾರ್ಥವಾಗಿರಬಲ್ಲದು, ಸೋರಿಕೆಯಿಂದ ಹುಟ್ಟಿದ ಅರಿವು ಎಷ್ಟು ಬೇಗ ಬಂದರೂ ಭ್ರಮೆಯೇ. ಆದರೆ ತೇವವನ್ನೇ ಅಳೆಯುವ ಸಂವೇದಕವನ್ನು ಹೀಗೆ ಮುಚ್ಚಿದರೆ ಅದು ಕುರುಡಾಗುತ್ತದೆ. ಅದಕ್ಕೆ ಆವಿಯನ್ನು ಬಿಟ್ಟು ನೀರಹನಿಯನ್ನೂ ಧೂಳನ್ನೂ ತಡೆಯುವ ಸೂಕ್ಷ್ಮರಂಧ್ರಗಳ ಪೊರೆ ಬೇಕು. ಒಂದೇ ತೇವ ಒಂದಕ್ಕೆ ದೋಷ, ಇನ್ನೊಂದಕ್ಕೆ ವಿಷಯ. ಆದ್ದರಿಂದ ಹೊದಿಕೆಯ ಗುಣದೋಷವನ್ನು ನಿರ್ಣಯಿಸಬೇಕಾದದ್ದು ಅದು ಇದೆಯೇ ಇಲ್ಲವೇ ಎಂಬುದರಿಂದಲ್ಲ, ಆ ಇಂದ್ರಿಯದ ವಿಷಯವನ್ನು ಒಳಬಿಟ್ಟು ಉಳಿದದ್ದನ್ನು ತಡೆಯುತ್ತದೆಯೇ ಎಂಬುದರಿಂದ.

ಹೋಲಿಕೆಗೆ ಒಂದು ಮಿತಿಯೂ ಇದೆ. ದ್ವೈತದಲ್ಲಿ ಅರಿವಿನ ಪ್ರಾಮಾಣ್ಯವನ್ನು ಗ್ರಹಿಸುವುದು ಸಾಕ್ಷಿ, ಅಂದರೆ ಆತ್ಮಸ್ವರೂಪವೇ ಆದ ಇಂದ್ರಿಯ. ಸಂಶಯ ಬಂದಾಗ ಪರೀಕ್ಷೆ ಅದಕ್ಕೆ ನೆರವಾಗುತ್ತದೆ. ಉಪಕರಣಕ್ಕೆ ಸಾಕ್ಷಿಯಿಲ್ಲವಾದ್ದರಿಂದ ತನ್ನೊಳಗೆ ತೇವ ಸೇರಿದ್ದನ್ನು ಅದು ತಾನಾಗಿ ಅರಿಯಲಾರದು. ಹೊದಿಕೆ ಹಾಕಿದ ಮೇಲೆ ಅದನ್ನು ಕರಗುತ್ತಿರುವ ಶುದ್ಧ ಮಂಜುಗಡ್ಡೆಯ ನೀರಿನಲ್ಲಿರಿಸಿ ಸೊನ್ನೆ ಡಿಗ್ರಿ ತೋರುತ್ತದೆಯೇ ಎಂದು ಆಗಾಗ ನೋಡುವ ಪರೀಕ್ಷೆಯೂ, ಅದರ ಫಲವನ್ನು ಒಪ್ಪುವ ಅಥವಾ ತಳ್ಳುವ ನಿರ್ಣಯವೂ ಹುಳು ಸಾಕುವವರ ಹೊಣೆಯಾಗಿಯೇ ಉಳಿಯುತ್ತವೆ.