ಜೋಡಿ ಹೆಸರಿನ ಚುನಾವಣೆ

1864ರಲ್ಲಿ ಅಮೆರಿಕದ ಲಿಂಕನ್ ರಿಪಬ್ಲಿಕನ್. ಉಪಾಧ್ಯಕ್ಷ ಸ್ಥಾನಕ್ಕೆ ಜೋಡಿ ಮಾಡ್ಕೊಂಡಿದ್ದು ಡೆಮಾಕ್ರಟ್ ಆಂಡ್ರ್ಯೂ ಜಾನ್ಸನ್‌ನ. ಜನಕ್ಕೆ ಮೊದಲೇ ಗೊತ್ತಿತ್ತು, ಗೊತ್ತಿದ್ದೇ ವೋಟು ಹಾಕಿದರು.

ನಮಗೂ 2018ರಲ್ಲಿ ಅಂಥದ್ದೇ ಜೋಡಿ ಸಿಕ್ಕಿತು: ಜೆಡಿಎಸ್‌ನ ಕುಮಾರಸ್ವಾಮಿ ಮುಖ್ಯಮಂತ್ರಿ, ಕಾಂಗ್ರೆಸ್ಸಿನ ಪರಮೇಶ್ವರ್ ಉಪಮುಖ್ಯಮಂತ್ರಿ. ಸಿಕ್ಕಿದ್ದು ಮಾತ್ರ ವೋಟು ಹಾಕಿ ಬಂದ ಮೇಲೆ. ಆ ಜೋಡಿಗೆ ಒತ್ತೋಕೆ ಬಟನ್ನೇ ಇರಲಿಲ್ಲ, ಬೇಡ ಅನ್ನೋಕೂ ಇರಲಿಲ್ಲ.

ಹಾವೇರಿ ಜಿಲ್ಲೆಯ ಹಿರೇಕೆರೂರಿನವರ ಕಥೆ ಇನ್ನೂ ಮಜಾ. 2018ರಲ್ಲಿ ಬಿ.ಸಿ. ಪಾಟೀಲರು ಕಾಂಗ್ರೆಸ್, ಸೋತ ಯು.ಬಿ. ಬಣಕಾರರು ಬಿಜೆಪಿ. 2019ರಲ್ಲಿ ಪಕ್ಷ ಬಿಟ್ಟ ಪಾಟೀಲರು ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದರು. 2023ಕ್ಕೆ ಬಣಕಾರರು ಕಾಂಗ್ರೆಸ್ಸಿನಿಂದ ನಿಂತು ಅವರನ್ನ ಸೋಲಿಸಿದರು. ಮುಖ ಅವೇ ಎರಡು, ಬಾವುಟ ಅದಲುಬದಲು!

ಈಗ ಹೇಳಿ, ನಿಯತ್ತಿನ ಮತದಾರ ಯಾರು? ಪಕ್ಷಕ್ಕೆ ನಿಂತವನು ಆಳು ಬದಲಿಸಬೇಕಾಯ್ತು, ಆಳಿಗೆ ನಿಂತವನು ಪಕ್ಷ. ಪಕ್ಷ ದಾಟಿ ಕೈ ಜೋಡಿಸೋದು ತಪ್ಪು ಅಂತ ನನಗನ್ನಿಸಲ್ಲ. ಕೇಳದೆ ಜೋಡಿಸೋದು ತಪ್ಪು. ಹಾಗಂತ ಮೊದಲೇ ಹೇಳಿದ್ರೆ ಎಲ್ಲಾ ಸರಿಹೋಗುತ್ತೆ ಅಂತಲೂ ಅಲ್ಲ. ಲಿಂಕನ್ ಹತ್ಯೆಯಾಗಿ ಜಾನ್ಸನ್ ಅಧ್ಯಕ್ಷನಾದ, ಲಿಂಕನ್ ಪಕ್ಷದವರ ಜತೆಗೇ ಗುದ್ದಾಡಿದ. ಆದರೂ ಅವನ ಹೆಸರನ್ನ ಜನ ಮೊದಲೇ ಓದಿದ್ದರು.